ನಿಷೇಧಕ್ಕೆ ಮುಗಿಯದ ಕೆಲಸ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಗೋಬಿಯ 171 ಮಾದರಿಗಳಲ್ಲಿ 107, ಮಿಠಾಯಿಯ 25ರಲ್ಲಿ 15 ಅಸುರಕ್ಷಿತವೆಂದು ಪರೀಕ್ಷೆ ಹೇಳಿತ್ತು. ಜೂನ್‌ನಲ್ಲಿ ಕಬಾಬಿಗೂ ಅದೇ ಆದೇಶ ಬಂತು. ಬೆಂಗಳೂರಿನ ಇಟ್ಟಮಡುವಿನ ಸಂಜೆಯ ತಳ್ಳುಗಾಡಿಗೂ ದೊಡ್ಡ ಹೋಟೆಲಿಗೂ ಒಂದೇ ನಿಯಮ. ಆದರೆ ಕೆಲವು ಮಾದರಿಗಳಲ್ಲಿ ಸಿಕ್ಕ, ಬಟ್ಟೆಗೆ ಹಾಕುವ ಬಣ್ಣವಾದ ರೋಡಮೈನ್‌-ಬಿ, 2011ರ ಕೇಂದ್ರ ನಿಯಮಾವಳಿ ಒಪ್ಪಿದ ಎಂಟು ಕೃತಕ ಬಣ್ಣಗಳ ಪಟ್ಟಿಯಲ್ಲಿ ಮೊದಲೇ ಇರಲಿಲ್ಲ. ಅನುಮತಿಯೇ ಇಲ್ಲದ್ದನ್ನು ಮತ್ತೊಮ್ಮೆ ನಿಷೇಧಿಸಬೇಕಾಯಿತು ಎಂದರೆ ಕೊರತೆ ಇದ್ದದ್ದು ಕಾನೂನಿನಲ್ಲಲ್ಲ, ನಿಗಾದಲ್ಲಿ.

ಕಾನೂನುಗಳಿಗೆ ನಮ್ಮಲ್ಲಿ ಬರವಿಲ್ಲ: ಔಷಧಗಳಿಗೆ 1940ರ ಕಾಯ್ದೆ, ಆಹಾರಕ್ಕೆ 1954ರ ಕಲಬೆರಕೆ ತಡೆ ಕಾಯ್ದೆ, ಅದರ ಜಾಗಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆ. ಅವಕ್ಕೆ ಜೀವ ತುಂಬಿದ್ದರಲ್ಲಿ ಸರ್ಕಾರದ ಹೊರಗಿನವರ ಒತ್ತಡದ ಪಾಲು ದೊಡ್ಡದು. ಎಂಬತ್ತರ ದಶಕದಲ್ಲಿ ಅಖಿಲ ಭಾರತ ಡ್ರಗ್ ಆ್ಯಕ್ಷನ್ ನೆಟ್‌ವರ್ಕ್ ಹೆಚ್ಚು ಪ್ರಮಾಣದ ಈಸ್ಟ್ರೋಜನ್-ಪ್ರೊಜೆಸ್ಟರಾನ್ ಹಾರ್ಮೋನು ಮಿಶ್ರಣದ ವಿರುದ್ಧ ದನಿಯೆತ್ತಿತು. 1982ರಲ್ಲಿ ನಿಷೇಧ ಬಂತು, ಕಂಪನಿಗಳು ಕೋರ್ಟಿನಿಂದ ತಡೆಯಾಜ್ಞೆ ತಂದವು. ನಿಷೇಧ ಗಟ್ಟಿಯಾಗಲು 1988ರವರೆಗೆ ಕಾಯಬೇಕಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಕಮ್ಯುನಿಟಿ ಹೆಲ್ತ್ ಸೆಲ್, ಧಾರವಾಡದ ಡಾ. ಗೋಪಾಲ ದಾಬಡೆ ಅವರ ಡ್ರಗ್ ಆ್ಯಕ್ಷನ್ ಫೋರಂ ಇದೇ ಚಿಂತನೆಯನ್ನು ಜನರ ಬಳಿಗೆ ಒಯ್ದವು. ಆಹಾರದಲ್ಲಿ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್ ಮಾದರಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದ ಮರುತಿಂಗಳೇ, 2016ರ ಜೂನ್‌ನಲ್ಲಿ, ಬ್ರೆಡ್ಡಿನ ಹಿಟ್ಟಿಗೆ ಬೆರೆಸುವ ಪೊಟ್ಯಾಸಿಯಂ ಬ್ರೋಮೇಟ್ ಅನುಮತಿಯ ಪಟ್ಟಿಯಿಂದ ಹೊರಬಿತ್ತು.

ಇಂಥ ಹೋರಾಟ ಭೀತಿ ಹಬ್ಬಿಸುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2015ರಲ್ಲಿ ಮ್ಯಾಗಿ ನೂಡಲ್ಸ್ ಮೇಲಿನ ನಿಷೇಧವನ್ನು ಬಾಂಬೆ ಹೈಕೋರ್ಟ್ ರದ್ದುಮಾಡಿತು. ಪರೀಕ್ಷಿಸಿದ ಪ್ರಯೋಗಾಲಯಗಳ ಮಾನ್ಯತೆಯೇ ಪ್ರಶ್ನೆಗೆ ಒಳಗಾಗಿತ್ತು. 2016ರಲ್ಲಿ 344 ಸಂಯೋಜಿತ ಔಷಧಗಳನ್ನು ನಿಷೇಧಿಸಿದ ಆದೇಶವೂ ಕೋರ್ಟಿನಲ್ಲಿ ಬಿದ್ದಿತು. ಆದರೆ ಸುಪ್ರೀಂ ಕೋರ್ಟಿನ ಸೂಚನೆಯಂತೆ ತಜ್ಞ ಮಂಡಳಿ ಮತ್ತೆ ಪರಿಶೀಲಿಸಿದ ಮೇಲೆ, 2018ರಲ್ಲಿ 328 ಔಷಧಗಳು ಮತ್ತೆ ನಿಷೇಧಕ್ಕೆ ಒಳಗಾದವು. ಅವಸರದ ಆದೇಶಕ್ಕೆ ಆಯುಸ್ಸು ಕಡಿಮೆ, ಸಾಕ್ಷ್ಯವಿದ್ದರೆ ಆದೇಶ ನಿಲ್ಲುತ್ತದೆ ಎಂಬುದೇ ಈ ಪ್ರಕರಣಗಳ ಪಾಠ. ಹೋರಾಟಗಾರರಿಗೆ ಒಳ್ಳೆಯ ಪ್ರಯೋಗಾಲಯ ಬೇಕಿರುವುದು ಕಂಪನಿಗಳಿಗೆ ಬೇಕಿರುವುದಕ್ಕಿಂತ ಹೆಚ್ಚು.

ಬಡ ವ್ಯಾಪಾರಿಗೆ ಪೆಟ್ಟು ಬೀಳುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಟಾರ್ಟ್ರಜಿನ್ ಎಂಬ ಬಣ್ಣ ಕೆಲವು ತಿನಿಸುಗಳಿಗೆ ಮಿತಿಯೊಳಗೆ ಸಲ್ಲುತ್ತದೆ, ಕಬಾಬಿಗೆ ಸಲ್ಲದು. ಚಿಲ್ಲರೆ ಪುಡಿ ಕೊಳ್ಳುವ ಗಾಡಿಯವರಿಗೆ ಈ ವ್ಯತ್ಯಾಸ ತಿಳಿಸುವವರು ಯಾರು? ಅದಕ್ಕೇ ತಪಾಸಣೆ ಬಣ್ಣ ಮಾರುವ ಸಗಟು ಅಂಗಡಿಯಿಂದ ಶುರುವಾಗಬೇಕು. ತಿಳಿಸುವವರಿಲ್ಲದ ಈ ಕೊರತೆ ಔಷಧದಲ್ಲೂ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಸತ್ತಾಗ ಸಂಶಯ ಅವರಿಗೆ ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಅದರ ಗುಣಮಟ್ಟದ ತಕರಾರು ರಾಜ್ಯಕ್ಕೆ ಅದಕ್ಕೂ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದು ವಾರ್ಡಿನ ವೈದ್ಯರಿಗೂ ರೋಗಿಗೂ ತಲುಪದಿದ್ದರೆ ಪರೀಕ್ಷೆ ಯಾರಿಗಾಗಿ? ಹಾಗಾಗಿ ಹೋರಾಟದ ಮುಂದಿನ ಬೇಡಿಕೆ ಹೊಸ ನಿಷೇಧವಾಗಬೇಕಿಲ್ಲ. ಪ್ರತಿ ಮಾದರಿಯ ಫಲಿತಾಂಶ, ಬ್ಯಾಚ್ ಸಂಖ್ಯೆ, ಕೈಗೊಂಡ ಕ್ರಮ ಇಷ್ಟನ್ನೂ ತಿಂಗಳು ತಿಂಗಳು ಕನ್ನಡದಲ್ಲಿ ಪ್ರಕಟಿಸಿ ಎಂದು ಕೇಳಬೇಕು.