ವಿಚ್ಛೇದನದ ಬಳಿಕ ಆಸ್ತಿ ಮುಚ್ಚಿಟ್ಟರೆ ಶಿಕ್ಷೆ ಏನು?

ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ರಚನೆಯಾದದ್ದು ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಬರಗಾಲ, ರೋಗ, ಧರ್ಮಕಾರ್ಯ, ಸೆರೆವಾಸದಂಥ ಸಂದರ್ಭಗಳಲ್ಲಿ ಗಂಡನು ಬಳಸಿದ ಸ್ತ್ರೀಧನವನ್ನು ಮರಳಿಸಬೇಕಾಗಿಲ್ಲ ಎಂಬ ವಿನಾಯಿತಿ ಆ ಗ್ರಂಥ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನೂ ಉಳಿಸಿಲ್ಲ. ಸಂಕಟದಲ್ಲಿ ಬಳಸಿದ್ದರೂ ಒಡವೆಯನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸುವ ನೈತಿಕ ಹೊಣೆ ಗಂಡನದೇ ಎಂದು ಅದು 2024ರ ಏಪ್ರಿಲ್‌ನಲ್ಲಿ ಪುನರುಚ್ಚರಿಸಿತು.

ವಿಚ್ಛೇದನವಾದೊಡನೆ ಗಂಡನ ಆಸ್ತಿಯಲ್ಲಿ ಅರ್ಧಪಾಲು ದೊರೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕರ್ನಾಟಕದಲ್ಲಿ ಅಂಥ ನಿಯಮವಿಲ್ಲ. ಹಿಂದೂ ವಿವಾಹ ಕಾಯಿದೆಯ 27ನೇ ಕಲಮಿನ ಪ್ರಕಾರ, ಮದುವೆಯ ಸಂದರ್ಭದಲ್ಲಿ ಬಂದು ಇಬ್ಬರಿಗೂ ಸೇರಿದ ಸೊತ್ತಿನ ಬಗ್ಗೆ ನ್ಯಾಯಾಲಯ ಆದೇಶಿಸಬಹುದು. 25ನೇ ಕಲಮಿನಡಿ ಶಾಶ್ವತ ಜೀವನಾಂಶ ವಿಧಿಸಿ, ಅಗತ್ಯವಿದ್ದರೆ ಸ್ಥಿರಾಸ್ತಿಯ ಮೇಲೆ ಅದರ ಭಾರ ಹೊರಿಸಬಹುದು.

ತಪ್ಪಿಸಿಕೊಳ್ಳುವವರು ಹಿಡಿಯುವ ಹಳೆಯ ದಾರಿ ಒಂದೇ: ಹುಮನಾಬಾದಿನ ಹೊಲವಾಗಲಿ, ಬಸವಕಲ್ಯಾಣದ ಮನೆಯಾಗಲಿ, ಅಣ್ಣತಮ್ಮಂದಿರ ಹೆಸರಿಗೆ ಬರೆದುಕೊಡುವುದು. ಪಹಣಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಪ್ರಕರಣ ಮುಗಿಯದು. ಹಣ ಬರಬೇಕಾದವರನ್ನು ವಂಚಿಸಲೆಂದೇ ಮಾಡಿದ ಹಸ್ತಾಂತರವನ್ನು ಸ್ವತ್ತು ಹಸ್ತಾಂತರ ಕಾಯಿದೆಯ 53ನೇ ಕಲಮಿನಡಿ ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಡಿಕ್ರಿ ಜಾರಿಯನ್ನು ತಪ್ಪಿಸಲು ಆಸ್ತಿಯನ್ನು ಮರೆಮಾಚಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 243ನೇ ಕಲಂ ಮೂರು ವರ್ಷದವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನ್ಯಾಯಾಲಯದ ಕಲಾಪಕ್ಕೆ ಸಂಬಂಧಿಸಿದ ಈ ಅಪರಾಧಕ್ಕೆ ಆ ನ್ಯಾಯಾಲಯದ್ದೇ ಲಿಖಿತ ದೂರು ಬೇಕು. ಠಾಣೆಗೆ ಅಲೆದು ಫಲವಿಲ್ಲ. ಒಪ್ಪಿಸಿದ ಒಡವೆಯನ್ನೇ ನುಂಗಿಹಾಕಿದರೆ ಅದು ನಂಬಿಕೆ ದ್ರೋಹ. 316ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯುಂಟು.

ಶಕ್ತಿಯಿದ್ದೂ ಹಣ ಕೊಡದವನನ್ನು ಸಿವಿಲ್ ಸೆರೆಮನೆಯಲ್ಲಿ ಮೂರು ತಿಂಗಳವರೆಗೆ ಇರಿಸಬಹುದು. ಮುಸ್ಲಿಂ ಮಹಿಳೆಯ ಮೆಹರ್ ಮತ್ತು ಮದುವೆಯ ಸೊತ್ತನ್ನು ಕೊಡುವಂತೆ 1986ರ ಕಾಯಿದೆಯಡಿ ಮ್ಯಾಜಿಸ್ಟ್ರೇಟರು ನೀಡಿದ ಆದೇಶವನ್ನು ಸಕಾರಣವಿಲ್ಲದೆ ಮುರಿದರೆ ಒಂದು ವರ್ಷದವರೆಗೆ ಸೆರೆಯಾಗಬಹುದು.

ಸೆರೆಮನೆ ಸೇರಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಜೀವನಾಂಶದ ವಿಷಯದಲ್ಲಿ ಇದನ್ನು ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ ಸ್ಪಷ್ಟಪಡಿಸಿದೆ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಬಾಕಿ ವಸೂಲಿಗೆ ವಾರಂಟ್ ಬೇಕಿದ್ದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಎದುರಾಳಿ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಮೇಲ್ಮನವಿ ಹೂಡಿದ್ದಾನೆಂದು ಕಾದು ಕೂರಬೇಕಿಲ್ಲ. ತಡೆಯಾಜ್ಞೆ ಇಲ್ಲದಿದ್ದರೆ ಡಿಕ್ರಿ ಜಾರಿ ಮುಂದುವರಿಯುತ್ತದೆ.