ವಿಜಯನಗರದ ಲಾಯದಲ್ಲಿ ಕುದುರೆ ಪಳಗಿಸುವವರು: ವಸ್ಸಾಫನ ಮಾತಿಗೊಂದು ತಕರಾರು

ದಕ್ಷಿಣದ ಅರಸರಿಗೆ ಕುದುರೆ ಕೊಳ್ಳುವುದು ಗೊತ್ತಿತ್ತು, ಪಳಗಿಸುವುದು ಗೊತ್ತಿರಲಿಲ್ಲ ಎಂಬ ಮಾತು ನಮ್ಮ ಚರಿತ್ರೆಯ ಬರಹಗಳಲ್ಲಿ ಇಂದಿಗೂ ಓಡಾಡುತ್ತಿದೆ. ಅದರ ಬೇರು ಪರ್ಷಿಯಾದ ಚರಿತ್ರಕಾರ ವಸ್ಸಾಫನಲ್ಲಿದೆ. ಇಲ್ಲಿಯವರು ಕುದುರೆಯನ್ನು 40 ದಿನ ಗೂಟಕ್ಕೆ ಬಿಗಿದು ಕೊಬ್ಬಿಸುತ್ತಾರೆ, ಆಮೇಲೆ ಶಿಕ್ಷಣವೂ ಇಲ್ಲದೆ ರಿಕಾಪೂ ಇಲ್ಲದೆ ಹತ್ತಿ ಹುಚ್ಚಾಪಟ್ಟೆ ಓಡಿಸುತ್ತಾರೆ ಎಂದು ಅವನು 1300ರ ಆಸುಪಾಸಿನಲ್ಲಿ ಬರೆದ. ಎಲಿಯಟ್ ಮತ್ತು ಡೌಸನ್ನರ ಇಂಗ್ಲಿಷ್ ಅನುವಾದ ಸಂಪುಟದಲ್ಲಿ ಈ ಮಾತು ಕೈಗೆ ಸುಲಭವಾಗಿ ಸಿಗುತ್ತದೆ. ಎತ್ತಿಕೊಂಡವರು ಮುಂದಿನ ಪುಟ ತಿರುವಲಿಲ್ಲ ಎಂಬುದೇ ನನ್ನ ಆಕ್ಷೇಪ.

ವಸ್ಸಾಫ್ ಹೇಳುತ್ತಿರುವುದು ಪಾಂಡ್ಯರ ಮಾಬಾರ್ ಕರಾವಳಿಯ ಸಂಗತಿ. ತುಂಗಭದ್ರೆಯ ದಂಡೆಯಲ್ಲಿ ವಿಜಯನಗರ ಆಗಿನ್ನೂ ಹುಟ್ಟಿರಲಿಲ್ಲ. ಮೇಲಾಗಿ ಅವನ ಸುದ್ದಿಯ ಹಿಂದೆ ಇರುವುದು ವ್ಯಾಪಾರಿಗಳ ಬಾಯಿ: ವರ್ಷಕ್ಕೆ 10,000 ಕುದುರೆ, ಒಂದಕ್ಕೆ 220 ದಿನಾರು, ಸತ್ತರೂ ಬೆಲೆ ಕಟ್ಟಿಕೊಡಬೇಕೆಂಬ ಕರಾರು. ಅದೇ ಕಾಲದ ಮಾರ್ಕೊ ಪೋಲೋ ಅಂತೂ ಲಾಳ ಕಟ್ಟುವವರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರೆಂದು ಬಿಚ್ಚಿ ಹೇಳಿದ್ದಾನೆ. ಕುದುರೆ ಸತ್ತಷ್ಟೂ ಲಾಭ ಕಾಣುವವರ ಸಾಕ್ಷ್ಯವನ್ನು ಕೊಂಡವರ ವಿದ್ಯೆಯ ಮೇಲಿನ ತೀರ್ಪಾಗಿ ಓದಬಹುದೇ? ರಿಕಾಪಿನ ಮಾತಂತೂ ಕನ್ನಡನಾಡಿಗೆ ಸಲ್ಲುವುದೇ ಇಲ್ಲ. ಹೊಯ್ಸಳ ಶಿಲ್ಪದ ಸವಾರರ ಜೀನು, ಕಡಿವಾಣ, ರಿಕಾಪುಗಳನ್ನು ಜಾನ್ ದೆಲೋಷ್ 1989ರಲ್ಲೇ ಒಂದೊಂದಾಗಿ ಗುರುತಿಸಿ ತೋರಿಸಿದ್ದಾರೆ. ಕಲ್ಲನ್ನು ಕಣ್ಣಿಟ್ಟು ನೋಡಿದ ಅಂಥ ವಿದ್ವಾಂಸರ ಋಣ ನಮ್ಮ ಮೇಲಿದೆ.

ನಾನು ಮುಂದಿಡುವ ಮುಖ್ಯ ಸಾಕ್ಷ್ಯ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯೆಸನದು. ವಿಜಯನಗರದ ರಾಜಧಾನಿ ಹಂಪಿಯಲ್ಲಿ, 1520ರ ಸುಮಾರಿಗೆ ಅವನು ಮಹಾನವಮಿ ಉತ್ಸವ ನೋಡಿದ. ಸಿಂಗರಿಸಿದ ಅರಮನೆ ಕುದುರೆಗಳು ಬರುತ್ತವೆ. ಅವುಗಳ ಮುಂದೆ ಎರಡು ರಾಜಛತ್ರಿಗಳಿರುವ ಕುದುರೆಯನ್ನು ಒಬ್ಬ ಲಗಾಮು ಹಿಡಿದು ನಡೆಸುತ್ತಾನೆ. ಅದಕ್ಕೂ ಮುಂದೆ ಇನ್ನೊಂದು ಕುದುರೆ ಸುತ್ತುತ್ತ ಕುಣಿಯುತ್ತ ಸಾಗುತ್ತದೆ. ಇಷ್ಟೇ ಆಗಿದ್ದರೆ ಹಬ್ಬದ ಬಣ್ಣನೆ ಎಂದು ಬಿಡಬಹುದಿತ್ತು. ಆದರೆ ಇಲ್ಲಿನ ಕುದುರೆಗಳೆಲ್ಲ ಆ ವಿದ್ಯೆಯಲ್ಲಿ ತಯಾರಾದವು, ಹಾಗೇ ನಡೆಯುತ್ತವೆ ಎಂದು ಅವನು ಸೇರಿಸುತ್ತಾನೆ. ಸ್ಯೂಯೆಲ್ 1900ರಲ್ಲೇ ಇದನ್ನು ಇಂಗ್ಲಿಷಿಗೆ ತಂದರು. ಉತ್ಸವದ ವೈಭವಕ್ಕೆ ಪಯೆಸನನ್ನು ಮತ್ತೆ ಮತ್ತೆ ಕರೆಯುವವರು ಈ ಮಾತನ್ನು ದಾಟಿ ಹೋಗುತ್ತಾರೆ.

ವಾದ್ಯದ ಸದ್ದಿಗೆ ಬೆದರಿ ಕುದುರೆ ನೆಗೆದಿರಬಹುದಲ್ಲ ಎಂದು ಕೇಳುವವರು ಕುದುರೆಯ ಮೈಯ ನಿಲುವನ್ನು ಗಮನಿಸಬೇಕು. ಬೆದರಿದ ಕುದುರೆ ತಲೆಯೆತ್ತಿ ಬೆನ್ನು ತಗ್ಗಿಸುತ್ತದೆ, ಹೆಜ್ಜೆಯ ಲಯ ಕೆಡುತ್ತದೆ, ಸಾಲಿನಲ್ಲಿ ನಿಲ್ಲುವುದಿಲ್ಲ. ಕಲಿತ ಕುದುರೆ ಹಿಂಗಾಲಿನ ಕೀಲು ಮಡಿಸಿ ಭಾರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ, ಮುಂಗಾಲು ಹಗುರಾಗುತ್ತದೆ, ಲಗಾಮು ಸಡಿಲವಿದ್ದರೂ ಲಯ ಉಳಿಯುತ್ತದೆ. ಇಂದಿನ ಡ್ರೆಸಾಜ್ ಸವಾರರು ಪಿಯಾಫೆ, ಪಸಾಜ್ ಎನ್ನುವ ನಡೆಗಳ ಅಡಿಪಾಯ ಇದೇ. ಸುತ್ತು ಹಾಕಿಸಿ, ನಡಿಗೆಯಿಂದ ದೌಡಿಗೂ ದೌಡಿನಿಂದ ನಡಿಗೆಗೂ ತಿರುಗಿಸಿ, ವರ್ಷಗಟ್ಟಲೆ ದುಡಿದ ಮೇಲೆ ಬರುವ ಹಿಡಿತ ಅದು. ಗೂಟಕ್ಕೆ 40 ದಿನ ಕಟ್ಟಿದರೆ ಬರುವುದಲ್ಲ. ಪಯೆಸನ ಕಣ್ಣನ್ನೂ ಹಗುರವಾಗಿ ಕಾಣುವಂತಿಲ್ಲ. 1438ರಲ್ಲಿ ತೀರಿಕೊಂಡ ಪೋರ್ಚುಗಲ್ಲಿನ ದೊರೆ ದುವಾರ್ತೆ ಸ್ವತಃ ಸವಾರಿಯ ಬಗ್ಗೆ ಪುಸ್ತಕ ಬರೆದವನು. ಅಂಥ ನಾಡಿನವನು ಕಲಿತ ಕುದುರೆ ಎಂದರೆ ಅದಕ್ಕೆ ತೂಕವಿದೆ. ಯುರೋಪು ಶಾಸ್ತ್ರೀಯ ಸವಾರಿಯ ಮೊದಲಿಗರಲ್ಲಿ ಎಣಿಸುವ ಗ್ರಿಸೋನೆಯ ಪುಸ್ತಕ ಅಚ್ಚಾದದ್ದೂ ಪಯೆಸ್ ಈ ಕುದುರೆಗಳನ್ನು ಕಂಡ ಬಳಿಕ, 1550ರಲ್ಲಿ.

ಕುಣಿಯುವ ಆ ಕುದುರೆಯ ಮೇಲೆ ಸವಾರನಿದ್ದನೆಂದು ಪಯೆಸ್ ಹೇಳುವುದಿಲ್ಲ, ನಿಜ. ಇದರಿಂದ ನನ್ನ ವಾದ ಸಡಿಲವಾಗುವುದಿಲ್ಲ. ನೆಲದ ಮೇಲೆ ನಿಂತು ಕೈಯಲ್ಲಿ ಕಲಿಸುವುದು ಈ ವಿದ್ಯೆಯ ಮೊದಲ ಪಾಠವೇ. ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯಲ್ಲೂ ಆನೆಗಳ ಸಾಲಿನ ಮೇಲೆ ಕುದುರೆಗಳ ಸಾಲು ಇದೆ, ಪಕ್ಕದಲ್ಲಿ ಕಾಲುನಡಿಗೆಯ ಆಳುಗಳಿದ್ದಾರೆ.

ಕಲಿಸಿದವರು ಯಾರು ಎಂಬುದಕ್ಕೆ ವಿಜಯನಗರಕ್ಕೆ ಬಂದ ಇನ್ನೊಬ್ಬ ಪೋರ್ಚುಗೀಸ, ನೂನಿಜ್, ಲೆಕ್ಕ ಕೊಡುತ್ತಾನೆ: ಕುದುರೆ ನೋಡಿಕೊಳ್ಳುವ ಆಳುಗಳು 1,600, ಪಳಗಿಸುವವರು 300. ಈ ಅಂಕಿಗಳನ್ನು ಅಕ್ಷರಶಃ ನಂಬಬೇಕೆಂದು ನಾನು ಹಟ ಹಿಡಿಯುವುದಿಲ್ಲ. ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಎನ್ನುವಾಗ ಅವನ ಕೈ ಧಾರಾಳವಾಗಿದೆ. ಎರಡು ಕಸುಬುಗಳನ್ನು ಅವನು ಬೇರೆ ಬೇರೆ ಎಣಿಸಿದ್ದಾನೆ ಎಂಬುದು ಮಾತ್ರ ಅಂಕಿಗಿಂತ ಗಟ್ಟಿ. ಮೇವು ಹಾಕಿ ಮೈ ತಿಕ್ಕುವವನು ಬೇರೆ, ನಡೆ ಕಲಿಸುವವನು ಬೇರೆ.

ಈ ವಿದ್ಯೆ ವಿಜಯನಗರದ ರಾಯರ ಕಾಲದಲ್ಲಿ ಹುಟ್ಟಿದ್ದೂ ಅಲ್ಲ. ಕೌಟಿಲ್ಯನ ಅಶ್ವಾಧ್ಯಕ್ಷ ಪ್ರಕರಣ ಸುತ್ತುವ, ನೆಗೆಯುವ ನಡೆಗಳನ್ನು ವಿಂಗಡಿಸಿ, ಸಂಜ್ಞೆಗೆ ತಕ್ಕಂತೆ ನಡೆಯುವುದನ್ನು ಪ್ರತ್ಯೇಕ ವರ್ಗವಾಗಿ ಹೇಳುತ್ತದೆ. 1130ರ ಸುಮಾರಿಗೆ ಕಲ್ಯಾಣ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಕುದುರೆ ಸವಾರಿಯ ವಿನೋದವಾದ ವಾಜಿವಾಹ್ಯಾಳಿಗೆ ಒಂದು ಅಧ್ಯಾಯ ಮೀಸಲಿಟ್ಟಿತು. ಕುದುರೆಯೇರಿ ಚೆಂಡಾಡುವ ಆಟ ಅದರಲ್ಲಿದೆ. ಓಟದ ನಡುವೆ ತಟ್ಟನೆ ನಿಂತು ತಿರುಗದ ಕುದುರೆಯ ಮೇಲೆ ಆ ಆಟ ಸಾಧ್ಯವಿಲ್ಲ.

 1520ರ ರಾಯಚೂರು ಕಾಳಗದಲ್ಲಿ ವಿಜಯನಗರ ಪಡೆದ ಗೆಲುವನ್ನು ಈ ಶಿಕ್ಷಣದ ಲೆಕ್ಕಕ್ಕೆ ಬರೆಯುವ ಅವಸರ ನನಗಿಲ್ಲ. ನೂನಿಜನ ಕಥನದಲ್ಲಿ ಆದಿಲ್‌ಶಾಹಿ ಫಿರಂಗಿಗಳಿಗೆ ಮುಂದಿನ ಸಾಲು ಚದುರಿತು, ಆಮೇಲೆ ಕೃಷ್ಣದೇವರಾಯನೇ ಕುದುರೆಯೇರಿ ಹಿಂದಿನ ದಂಡುಗಳನ್ನು ಮುನ್ನಡೆಸಿದ. ಆ ತಿರುವಿನಲ್ಲಿ ಅರಸನ ಧೈರ್ಯದ ಪಾಲೆಷ್ಟು, ಕುದುರೆಯ ಪಾಲೆಷ್ಟು ಎಂದು ಬೇರ್ಪಡಿಸಲು ಅವನ ಕಥನ ಸಾಲದು. ಶಿಕ್ಷಣವೇ ಇರಲಿಲ್ಲ ಎನ್ನುವವರಿಗೂ ಅದರಲ್ಲಿ ಆಧಾರ ಸಿಗುವುದಿಲ್ಲ.