ಭೂತದ ಚಿತ್ರಗಳೂ ನಿಜಾಮ್ ವಲಯವೂ

ಭೂತ-ಪ್ರೇತಗಳ ಸಿನಿಮಾಗಳ ಮಾತು ಬಂದರೆ ಸಾಕು, ‘ಸಣ್ಣ ಊರಿನವರ ಅಭಿರುಚಿಯೇ ಅಷ್ಟು’ ಎಂದು ನಮ್ಮಲ್ಲಿ ಅನೇಕರು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಆ ಊರಿನ ಟಾಕೀಸಿಗೆ ಯಾವ ಚಿತ್ರ ಬರಬೇಕೆಂದು ನಿರ್ಧರಿಸುತ್ತಿದ್ದವರು ಯಾರು? ಇದನ್ನು ನಾವು ಕೇಳುವುದೇ ಇಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಬೀದರ್ ಜಿಲ್ಲೆಯೂ ಒಡೆಯಿತು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಸೇರಿದರೆ, ಉದಗೀರ್ ಮುಂಬೈ ರಾಜ್ಯಕ್ಕೂ ಜಹೀರಾಬಾದ್ ಆಂಧ್ರಪ್ರದೇಶಕ್ಕೂ ಹೋದವು. ಆದರೆ ಹಿಂದಿ ಚಿತ್ರೋದ್ಯಮದ ಭೂಪಟ ಬದಲಾಗಲಿಲ್ಲ. ಹಂಚಿಕೆದಾರರ ಲೆಕ್ಕದಲ್ಲಿ ತೆಲಂಗಾಣ, ಮರಾಠವಾಡದ ಭಾಗಗಳು, ಬೀದರ್, ಗುಲ್ಬರ್ಗಾ, ರಾಯಚೂರು ಎಲ್ಲವೂ ‘ನಿಜಾಮ್’ ಎಂಬ ಒಂದೇ ವಲಯ. ನಿಜಾಮರ ಆಳ್ವಿಕೆ ಹೋಯಿತು, ಹೆಸರು ಮಾತ್ರ ಚಿತ್ರ ವ್ಯಾಪಾರದಲ್ಲಿ ಉಳಿಯಿತು. ಕನ್ನಡ ಚಿತ್ರಗಳ ವಹಿವಾಟು ನಡೆಯುವ ಬೆಂಗಳೂರಿನ ಗಾಂಧಿನಗರ ಬೀದರಿನಿಂದ ಸುಮಾರು 700 ಕಿಲೋಮೀಟರ್ ದೂರ. ಹೈದರಾಬಾದ್ ಬರೀ 140.

ಆಗ ಚಿತ್ರವೆಂದರೆ ಡಬ್ಬಗಳಲ್ಲಿ ಸಾಗುವ ಪ್ರಿಂಟ್. ಅದು ದುಬಾರಿಯಾದ್ದರಿಂದ ಕೆಲವೇ ಪ್ರತಿಗಳು ತಯಾರಾಗುತ್ತಿದ್ದವು. ಮೊದಲು ಮಹಾನಗರ, ನಂತರ ಜಿಲ್ಲಾ ಕೇಂದ್ರ, ಕೊನೆಗೆ ತಾಲೂಕು. ಭಾಲ್ಕಿಗಾದರೂ ರೈಲಿತ್ತು, ಔರಾದಿಗೆ ಅದೂ ಇರಲಿಲ್ಲ. ದೊಡ್ಡ ತಾರೆಯರ ಚಿತ್ರಕ್ಕೆ ಹಂಚಿಕೆದಾರ ಕೊಟ್ಟ ಬೆಲೆ ಅಗ್ಗದ ಟಿಕೆಟ್‌ನ ಟಾಕೀಸಿನಲ್ಲಿ ಹುಟ್ಟುವುದು ಕಷ್ಟ. ಹೀಗಾಗಿ ಅಂತಹ ಚಿತ್ರಗಳು ಸಣ್ಣ ಊರುಗಳಿಗೆ ತಡವಾಗಿ, ಸವೆದ ಪ್ರಿಂಟ್‌ಗಳಲ್ಲಿ ಬರುತ್ತಿದ್ದವು.

ಈ ಖಾಲಿ ಜಾಗವನ್ನು ಗುರುತಿಸಿದವರು ಮುಂಬೈಯ ರಾಮ್ಸೆ ಸಹೋದರರು. 1949ರ ‘ಮಹಲ್’ನಲ್ಲಿ ಪ್ರೇತದ ಕಥೆಗೆ ಅಶೋಕ್ ಕುಮಾರ್, ಮಧುಬಾಲಾ ಬೇಕಾಗಿದ್ದರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಗೆ ಅಂತಹ ತಾರೆಯರು ಬೇಕಾಗಲಿಲ್ಲ. 1984ರ ‘ಪುರಾನಾ ಮಂದಿರ್’, 1988ರ ‘ವೀರಾನಾ’ ಅದೇ ದಾರಿಯಲ್ಲಿ ಬಂದವು. ಕಡಿಮೆ ಖರ್ಚು, ಹಾಳು ಹವೇಲಿ, ಹಳೆಯ ಶಾಪ, ಭಿತ್ತಿಪತ್ರದ ಮೇಲೊಂದು ವಿಕಾರ ಮುಖ. ಕಥೆ ಮತ್ತೆ ಮತ್ತೆ ಅದೇ ಆಗಿದ್ದುದಕ್ಕೂ ಕಾರಣವಿದೆ: ತಾನು ಕೊಳ್ಳುತ್ತಿರುವುದೇನೆಂದು ಟಾಕೀಸಿನ ಮಾಲಕನಿಗೆ ಮೊದಲೇ ಗೊತ್ತಿರಬೇಕಿತ್ತು. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಬೀದರಿನಂತಹ ಸೀಮೆಯಲ್ಲಿ ಕಿರುಚಾಟಕ್ಕೆ ಅನುವಾದವೂ ಬೇಕಾಗಿರಲಿಲ್ಲ.

1997ರಲ್ಲಿ ದಿಲ್ಲಿಯಲ್ಲಿ ಪಿವಿಆರ್ ತನ್ನ ಮೊದಲ ಮಲ್ಟಿಪ್ಲೆಕ್ಸ್ ತೆರೆಯಿತು. ದುಬಾರಿ ಟಿಕೆಟ್‌ನ ನಗರ ಪ್ರೇಕ್ಷಕನೇ ಮುಖ್ಯ ಗಿರಾಕಿಯಾದ. 2003ರಲ್ಲಿ ರಾಮ್‌ಗೋಪಾಲ್ ವರ್ಮಾರ ‘ಭೂತ್’ ಬಂತು. ಹಾಡುಗಳಿಲ್ಲ, ಹವೇಲಿಯಿಲ್ಲ. ಮುಂಬೈಯ ಬಹುಮಹಡಿ ಕಟ್ಟಡದ ಒಂದು ಫ್ಲ್ಯಾಟ್ ಸಾಕಾಯಿತು. ಹಣವಿದ್ದ ಕಡೆಗೆ ದೆವ್ವವೂ ಮನೆ ಬದಲಿಸಿತ್ತು!

ವಿಮರ್ಶಕರು ಇದನ್ನು ಪ್ರಕಾರದ ಬೆಳವಣಿಗೆ ಎಂದರು. ಇರಬಹುದು. ಆದರೆ ಸಣ್ಣ ಊರಿನವರು ದಶಕಗಳ ಕಾಲ ತಮ್ಮ ದುಡ್ಡಿನಿಂದ ಸಾಕಿದ ಪ್ರಕಾರದಲ್ಲಿ ಅವರ ಬದುಕಿಗೆ ಜಾಗವೆಷ್ಟಿತ್ತು? ಹಂಚಿಕೆಯ ಪಟ್ಟಿಯಲ್ಲಿ ಅವರು ಕೊನೆಯ ಸಾಲಿನವರು, ದೂಷಣೆಯಲ್ಲಿ ಮಾತ್ರ ಮೊದಲಿಗರು. ಉಣ್ಣುವವನ ರುಚಿಯನ್ನು ಹಳಿಯುವ ಮೊದಲು ಬಡಿಸಿದವರು ಯಾರೆಂದು ನೋಡುವುದು ನ್ಯಾಯ.